ಎರಡು ಪರದೆ, ಒಂದು ಹಂಡೆ ನೀರು

ಮೆಣಸಿನಕಾಯಿ ವ್ಯಾಪಾರಿಯ ಬೆರಳಿಗೂ ಟ್ಯಾಬ್ಲೆಟ್ಟಿನ ಗಾಜಿಗೂ ಹುಟ್ಟಾ ಹಗೆತನ. ಎಷ್ಟು ಸಲ ಸೋಪು ಹಚ್ಚಿ ತೊಳೆದರೂ ಬೆರಳಿನ ಗೆರೆಗಳೊಳಗೆ ಒಂದಿಷ್ಟು ಕೆಂಪು ಹುಡಿ ಉಳಿದೇ ಇರುತ್ತದೆ. ಅದು ಬೆರಳಿನಿಂದ ಗಾಜಿಗೆ ಇಳಿಯುತ್ತದೆ, ಗಾಜಿನಿಂದ ಮತ್ತೆ ಬೆರಳಿಗೆ ಏರುತ್ತದೆ, ಮರೆತು ಕಣ್ಣುಜ್ಜಿಕೊಂಡಿರೋ, ಅಂದಿನ ಮಟ್ಟಿಗೆ ನಿಮ್ಮ ಆಟ ಮುಗಿದಂತೆ. ಆ ಮಧ್ಯಾಹ್ನ ನನಗೆ ಆದದ್ದು ಅದೇ. ಬಲಗಣ್ಣನ್ನು ಮುಚ್ಚಿಕೊಂಡು ನಾನು ಅಂಗಡಿಯ ಗಾದಿಯ ಮೇಲೆ ಒದ್ದಾಡುತ್ತಿದ್ದರೆ, ಪಕ್ಕದಲ್ಲಿ ಕೂತಿದ್ದ ಅಣ್ಣ ತನ್ನ ಕೈಯೊಳಗಿನ ಆಟದ ಕನ್ಸೋಲನ್ನು ತೊಡೆಯ ಮೇಲಿಟ್ಟು, ಹೆಗಲ ಮೇಲಿನ ಟವೆಲಿನ ತುದಿಯನ್ನು ತಂಬಿಗೆಯ ನೀರಿನಲ್ಲಿ ಅದ್ದಿ, ಮೊದಲು ನನ್ನ ಕಣ್ಣನ್ನಲ್ಲ, ಟ್ಯಾಬ್ಲೆಟ್ಟಿನ ಗಾಜನ್ನು ಒರೆಸಿದ.

"ಕಣ್ಣು ತನ್ನ ನೀರು ತಾನs ತರಿಸ್ಕೊಂತದ. ಈ ಬಡಪಾಯಿಗೆ ಯಾರು ಅದಾರ?" ಎಂದ.

ಆಮೇಲೆ ಸ್ವಲ್ಪ ಹೊತ್ತು ಆಡಿದೆವು. ಅಷ್ಟರಲ್ಲಿ ಬ್ಯಾಡಗಿಯಿಂದ ಬರಬೇಕಾಗಿದ್ದ ಲಾರಿ ಬಂದು, ಹಮಾಲರು ಚೀಲ ಇಳಿಸತೊಡಗಿ, ಇಡೀ ಓಣಿ ಸೀನಲು ಪ್ರಾರಂಭಿಸಿತು. ಆಟ ನಿಲ್ಲಿಸಬೇಕಾಯಿತು. ನಾಳೆ ನೋಡೋಣ, ಆಟದೊಳಗಿನ ಹಂಡೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿ ಅಣ್ಣ ಎದ್ದ. ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಡಲೆಂದು ಮನೆಯ ಬಾಗಿಲ ಬಳಿ ಚಪ್ಪಲಿ ಮೆಟ್ಟಲು ಕೂತವನು ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಹಿಂದಿನ ದಿನವನ್ನು ನಾನು ಎಷ್ಟೋ ಸಲ ಹಿಂದುಮುಂದಾಗಿ ತಿರುವಿ ನೋಡಿದ್ದೇನೆ. ಎಲ್ಲಾದರೂ ಒಂದು ಸೂಚನೆ, ಒಂದು ನಿಟ್ಟುಸಿರು ಸಿಕ್ಕೀತೆಂದು. ಸಿಕ್ಕಿಲ್ಲ. ಅದು ಪೂರ್ತಿ ಸಾಮಾನ್ಯ ದಿನ.

ನಮ್ಮ ಪರಿಚಯ ಹೇಳದೆ ಮುಂದೆ ಹೋದರೆ, ಅರವತ್ತು ದಾಟಿದ ಇಬ್ಬರು ದಲಾಲರು ಹಾಡುಹಗಲಿನಲ್ಲಿ ಕೂತು ಮಕ್ಕಳ ಆಟ ಆಡುತ್ತಿದ್ದರೇಕೆ ಎಂದು ನೀವು ಹುಬ್ಬೇರಿಸುವುದು ನ್ಯಾಯವೇ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನಮ್ಮದು ಒಣಮೆಣಸಿನಕಾಯಿಯ ದಲಾಲಿ ಅಂಗಡಿ. ನಮ್ಮ ತಂದೆ ಬ್ಯಾಡಗಿಯಿಂದ ಬಂದು ಇಟ್ಟದ್ದು. ಆಮೇಲೆ ಅಣ್ಣನೂ ನಾನೂ ನಡೆಸಿದೆವು. ಮನೆ ಇಲ್ಲೇ ಬಿಬ್ವೇವಾಡಿಯಲ್ಲಿ, ಎರಡೂ ಸಂಸಾರ ಒಂದೇ ಒಲೆಯ ಮೇಲೆ. ಬೆಳಗಿನ ಖರೀದಿ ಮುಗಿದು, ಊಟದ ಡಬ್ಬಿ ಖಾಲಿಯಾಗಿ, ಹಮಾಲರು ಚೀಲಗಳ ನೆರಳಿನಲ್ಲಿ ಮಲಗಿದ ಮೇಲೆ ಸಂಜೆಯವರೆಗೆ ನಮಗೆ ಮಾಡಲು ಏನೂ ಇರುತ್ತಿರಲಿಲ್ಲ. ಮೊದಲೆಲ್ಲ ಆ ಹೊತ್ತಿನಲ್ಲಿ ಇಸ್ಪೀಟು ಆಡುತ್ತಿದ್ದೆವು. ಜೊತೆಗೆ ಆಡುತ್ತಿದ್ದ ಪಕ್ಕದ ಅಂಗಡಿಯವರು ಒಬ್ಬೊಬ್ಬರಾಗಿ ಮೊಬೈಲಿನೊಳಗೆ ಇಳಿದುಹೋದರು, ಎಲೆಗಳು ಅನಾಥವಾದವು.

ಅಣ್ಣನ ಮಗಳು ಸವಿತಾ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳುತ್ತಾಳೆ. ಆಕೆ ಆಸೆಪಟ್ಟು ಕೊಂಡ ಒಂದು ಕನ್ಸೋಲ್, ಅಂದರೆ ಎರಡೂ ಕೈಯಲ್ಲಿ ಹಿಡಿದು ಆಡುವ ಸಣ್ಣ ಆಟದ ಯಂತ್ರ, ಪುರುಸೊತ್ತಿಲ್ಲದೆ ಕಪಾಟಿನಲ್ಲಿ ಬಿದ್ದಿತ್ತು. ಒಂದು ದಿನ ಏನನ್ನೋ ಹುಡುಕುತ್ತಿದ್ದ ಅಣ್ಣನ ಕೈಗೆ ಅದು ಸಿಕ್ಕಿತು. ಅದರ ಗುಂಡಿಗಳನ್ನು ಒತ್ತಿ, ಒತ್ತಿದ್ದು ಒಳಗೆ ಹೋಗಿ 'ಟಿಕ್' ಎಂದು ಮೇಲೆ ಬಂದದ್ದನ್ನು ಬೆರಳಿನಿಂದಲೇ ಕೇಳಿಸಿಕೊಂಡು, ಒಳ್ಳೆಯ ಮಾಲಿನ ಚೀಲಕ್ಕೆ ಕೈಹಾಕಿದವನಂತೆ ತಲೆದೂಗಿದನಂತೆ. ಮರುದಿನವೇ ಅದು ಅಂಗಡಿಗೆ ಬಂತು. ನನ್ನ ಹತ್ತಿರ ಊರಿನ ಧಾರಣೆ ನೋಡಲು ಕೊಂಡಿದ್ದ ಒಂದು ಟ್ಯಾಬ್ಲೆಟ್ ಇತ್ತು. ಅಪ್ಪನಿಗೆ ಜೊತೆ ಬೇಕೆಂದು ಸವಿತಾ ಅದರ ಮೇಲೆಯೂ ಅದೇ ಆಟ ಬರುವಂತೆ ಮಾಡಿಕೊಟ್ಟಳು.

ಆಟ ಇಷ್ಟೇ: ಇಬ್ಬರು ಬೊಂಬೆ ಮನುಷ್ಯರು ಒಂದು ಬಿದಿರಿನ ಎರಡು ತುದಿಗೆ ಹೆಗಲು ಕೊಟ್ಟು, ನಡುವೆ ನೀರು ತುಂಬಿದ ತಾಮ್ರದ ಹಂಡೆಯನ್ನು ತೂಗುಹಾಕಿಕೊಂಡು ಬೆಟ್ಟ ಹತ್ತಬೇಕು. ಮೇಲಿನ ಊರಿನಲ್ಲಿ ನೀರಿಲ್ಲ. ದಾರಿಯಲ್ಲಿ ಮುರಿದ ಸೇತುವೆ, ಬಾಯಿಬಿಟ್ಟ ಕೊರಕಲು. ಇಬ್ಬರೂ ಒಂದೇ ಕ್ಷಣಕ್ಕೆ ಜಿಗಿದರೆ ಹಂಡೆ ತೊಟ್ಟಿಲಿನಂತೆ ತೂಗಿ ಆಚೆ ಇಳಿಯುತ್ತದೆ. ಒಬ್ಬ ಮೊದಲು, ಒಬ್ಬ ಆಮೇಲೆ ಜಿಗಿದರೆ ವಾಲಿ ನೀರು ಚೆಲ್ಲುತ್ತದೆ. ನೀರು ಪೂರ್ತಿ ಚೆಲ್ಲಿದರೆ ಮತ್ತೆ ಕೆಳಗಿನ ಬಾವಿಯಿಂದ ಪ್ರಾರಂಭ. ನಡುದಾರಿಯಲ್ಲಿ ಹೊರೆ ಇಳಿಸುವ ಹಾಗಿಲ್ಲ. ನಮ್ಮ ಹಮಾಲರ ಮುಖಂಡ ಮಾರುತಿ ಒಮ್ಮೆ ನಮ್ಮ ಹಿಂದೆ ನಿಂತು ಇದನ್ನು ನೋಡಿ ಮರಾಠಿಯಲ್ಲಿ ಕುಟುಕಿದ: "ದಾದಾ, ಓಝಂ ಆಮ್ಹೀ ವಾಹಾಯ್ಚಂ ಆಣಿ ಘಾಮ್ ತುಮ್ಹಾಲಾ?" ಹೊರೆ ಹೊರುವುದು ನಾವು, ಬೆವರುವುದು ನೀವೋ ಎಂದು. ಅಣ್ಣ ತಲೆಯೆತ್ತದೆ, ನಿಮ್ಮ ಹೊರೆಯನ್ನು ಕೆಳಗಾದರೂ ಇಡಬಹುದಲ್ಲೋ ಮಾರುತಿ ಎಂದು ಮರಾಠಿಯಲ್ಲೇ ಉತ್ತರಿಸಿದ.

ನಮ್ಮಿಬ್ಬರ ನಡುವೆ ಜಗಳವಿದ್ದದ್ದು ಯಾವ ಯಂತ್ರ ಶ್ರೇಷ್ಠ ಎಂಬುದರ ಮೇಲೆ. ನಾನು ಟ್ಯಾಬ್ಲೆಟ್ಟಿನ ಪಕ್ಷದ ವಕೀಲ. ನನ್ನ ಪರದೆ ಊಟದ ತಾಟಿನಷ್ಟು ದೊಡ್ಡದು, ಅವನದು ವೀಳ್ಯದೆಲೆಯಷ್ಟು. ನನ್ನ ಬೆಟ್ಟಕ್ಕೆ ಆಕಾಶವಿದೆ, ಅವನ ಬೆಟ್ಟಕ್ಕೆ ಅಂಚಿದೆ. ನನ್ನದರಲ್ಲಿ ಧಾರಣೆ ನೋಡಬಹುದು, ಪಂಚಾಂಗ ನೋಡಬಹುದು, ಬೀಗರ ಮುಖವನ್ನೂ ನೋಡಬಹುದು. ಅವನದು ಆಟವೊಂದನ್ನು ಬಿಟ್ಟು ಬೇರೇನೂ ಕಲಿಯದ ದಡ್ಡ. ಅಣ್ಣನ ವಾದ ಒಂದೇ. ಗಾಜಿಗೆ ತಳವಿಲ್ಲ. ಗುಂಡಿ ಒತ್ತಿದರೆ ಒತ್ತಿದ್ದು ತಿಳಿಯುತ್ತದೆ, ಗಾಜನ್ನು ಮುಟ್ಟಿದರೆ ಮುಟ್ಟಿದ್ದು ಗಾಜಿಗೂ ತಿಳಿಯುವುದಿಲ್ಲ, ಬೆರಳಿಗೂ ತಿಳಿಯುವುದಿಲ್ಲ. ನಾನು ನಕ್ಕೆ. ಅಷ್ಟು ಹೇಳಿದರೂ ಅವನು ಆಡುವಾಗ ಕತ್ತು ಓರೆಮಾಡಿಕೊಂಡು ನನ್ನ ಪರದೆಯ ಕಡೆಗೇ ನೋಡುತ್ತಿದ್ದುದನ್ನು ನಾನು ಗಮನಿಸಿದ್ದೆ. ದೊಡ್ಡ ಚಿತ್ರದ ಆಸೆ ಯಾರಿಗಿಲ್ಲ ಎಂದುಕೊಂಡು ಒಳಗೊಳಗೇ ಬೀಗಿದ್ದೆ.

ಟ್ಯಾಬ್ಲೆಟ್ಟಿನ ಮಾನ ಹೋದದ್ದು ಪುಣೆಯಾಚೆಯ ಭೋರ್‌ಗೆ ಹೋಗುವಾಗ. ಅಲ್ಲಿ ನೆಂಟರ ಮನೆಯ ನಾಮಕರಣವಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಇಬ್ಬರೂ ಬೇರೆಬೇರೆಯಾಗಿ ಒಂಟಿ ಆಟ ಆಡುತ್ತಿದ್ದೆವು. ಗುಡ್ಡದ ತಿರುವುಗಳು ಪ್ರಾರಂಭವಾದದ್ದೇ ತಡ, ನನ್ನ ಬೊಂಬೆ ಒಂದು ಕಾಲನ್ನು ಗಾಳಿಯಲ್ಲಿ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಬೆರಳಿನಿಂದ ತಟ್ಟಿದೆ, ಗಾಜನ್ನು ಒರೆಸಿದೆ, ಟ್ಯಾಬ್ಲೆಟ್ಟನ್ನು ಕಿಟಕಿಯ ಹೊರಗೆ ಹಿಡಿದು ಗಾಳಿ ಕುಡಿಸಿದೆ. ಬೊಂಬೆ ತಪಸ್ಸು ಬಿಡಲಿಲ್ಲ. ಅಣ್ಣನ ಕನ್ಸೋಲ್ ಮಾತ್ರ ಕಣಿವೆಯಲ್ಲೂ ಸುರಂಗದಲ್ಲೂ ತನ್ನ ಪಾಡಿಗೆ ತಾನು ನಡೆದಿತ್ತು. ಮುಂದಿನ ಸೀಟಿನಲ್ಲಿದ್ದ ಸವಿತಾ ಹಿಂದೆ ತಿರುಗಿ, ನಗು ತಡೆದುಕೊಂಡು, ಒಂದು ಸಂಗತಿ ಹೇಳಿದಳು. ಅದನ್ನು ಕೇಳಿ ನನಗೆ ಆದ ಬೆರಗು ಈಗಲೂ ಇಳಿದಿಲ್ಲ.

"ಕಾಕಾ, ಆಟ ನಿಮ್ಮ ಕೈಯಾಗಿಂದ್ರಾಗ ಇಲ್ಲs ಇಲ್ಲ. ಅಪ್ಪಂದು ಅವರ ಕೈಯಾಗ ಅದ. ನಿಮ್ಮದು ಎಲ್ಲೋ ದೂರ ನಡದದ, ನಿಮಗ ಬರೋದು ಚಿತ್ರ ಅಷ್ಟ. ಇಲ್ಲಿ ನೆಟ್‌ವರ್ಕ್ ಇಲ್ಲ, ಅದೂ ನಿಂತದ."

ಎಲ್ಲೋ ದೂರ, ಬಹುಶಃ ಮುಂಬೈಯ ಕಡೆ, ಸಾಲುಸಾಲು ಯಂತ್ರಗಳನ್ನು ತಂಪಾಗಿಟ್ಟ ಒಂದು ದೊಡ್ಡ ಮನೆಯಿದೆಯಂತೆ. ನನ್ನ ಬೊಂಬೆ ನಡೆಯುವುದು ಅಲ್ಲಿ. ನಾನು ಇಲ್ಲಿ ಗಾಜನ್ನು ಮುಟ್ಟಿದರೆ ಆ ಸ್ಪರ್ಶ ತಂತಿಯ ಮೇಲೋ ಗಾಳಿಯ ಮೇಲೋ ಘಟ್ಟ ಇಳಿದು ಅಲ್ಲಿಗೆ ಹೋಗುತ್ತದೆ. ಅಲ್ಲಿ ಬೊಂಬೆ ಜಿಗಿಯುತ್ತದೆ. ಜಿಗಿದ ಚಿತ್ರವನ್ನು ಬರೆದು ಅವರು ಮತ್ತೆ ಘಟ್ಟ ಹತ್ತಿಸಿ ನನ್ನ ತೊಡೆಯ ಮೇಲೆ ತಂದಿಡುತ್ತಾರೆ. ಇಷ್ಟೆಲ್ಲ ನಾನು ರೆಪ್ಪೆ ಬಡಿಯುವುದರೊಳಗೆ! ತಂದೆಯ ಕಾಲದಲ್ಲಿ ಬ್ಯಾಡಗಿಯ ಧಾರಣೆ ತಿಳಿಯಬೇಕಾದರೆ ಟ್ರಂಕ್ ಕಾಲ್ ಹಚ್ಚಿ ಅರ್ಧ ದಿನ ಕಾಯುತ್ತಿದ್ದೆವು. ಅಂಥ ಮನೆಯಲ್ಲಿ ಬೆಳೆದವನಿಗೆ ಇದು ದೇವರ ಮನೆಯ ಕೆಲಸದಂತೆ ಕಂಡಿತು. ಮಾರ್ಕೆಟ್ ಯಾರ್ಡಿನ ಹುಡಿಯಲ್ಲಿ ಕೂತ ದಲಾಲನೊಬ್ಬನ ಹೆಬ್ಬೆರಳಿಗಾಗಿ ಯಾರೋ ಒಂದೊಂದು ಚಿತ್ರವನ್ನೂ ಆಗಿಂದಾಗ ಬರೆದು ಕಳಿಸುವುದೆಂದರೇನು? ಆದರೂ, ಸವಿತಾ ಹೇಳಿದಳು, ಎಷ್ಟು ಬೇಗ ಬಂದರೂ ಒಂದು ಚೂರು ತಡವಾಗಿಯೇ ಬರುತ್ತದೆ. ಅದನ್ನು ಲ್ಯಾಗ್ ಅನ್ನುತ್ತಾರೆ. ನೀವು ನೋಡುತ್ತಿರುವುದು ಈಗಿನದ್ದಲ್ಲ, ಆಗಲೇ ಆಗಿಹೋದದ್ದು. ನಾನು ಒಪ್ಪಲಿಲ್ಲ. ನನಗೆಲ್ಲಿ ತಡವಾಗುತ್ತದೆ, ಅಣ್ಣನ ಜೊತೆ ಸರಿಯಾಗಿಯೇ ಜಿಗಿಯುತ್ತೇನಲ್ಲ ಎಂದೆ. ಅಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದ.

ಲ್ಯಾಗ್ ಎಂಬುದನ್ನು ನಾನು ಮೊದಲು ನೋಡಿದ್ದು ಆ ಶಬ್ದ ತಿಳಿಯುವುದಕ್ಕೆ ಎಷ್ಟೋ ವರ್ಷ ಮುಂಚೆ. ನಮ್ಮ ಸೋದರಮಾವನ ಊರು ತುಂಗಭದ್ರೆಯ ದಂಡೆಯಲ್ಲಿತ್ತು. ಬೇಸಿಗೆಯಲ್ಲಿ ಹೋದಾಗ ಆಚೆ ದಡದಲ್ಲಿ ಮಡಿವಾಳರು ಬಟ್ಟೆ ಒಗೆಯುವುದನ್ನು ಈಚೆ ದಡದ ಬಂಡೆಯ ಮೇಲೆ ಕೂತು ನೋಡುತ್ತಿದ್ದೆವು. ದೂರದಲ್ಲಿ ಬೆರಳಿನಷ್ಟು ಕಾಣುವ ಮನುಷ್ಯ ಬಟ್ಟೆಯನ್ನು ತಲೆಯ ಮೇಲೆ ಎತ್ತುತ್ತಾನೆ. ಎತ್ತಿದ ಕ್ಷಣಕ್ಕೆ ಸರಿಯಾಗಿ 'ಥಪ್' ಎಂದು ಸಪ್ಪಳ. ಕಲ್ಲಿಗೆ ಬಡಿದಾಗ ಮಾತ್ರ ನಿಶ್ಶಬ್ದ. ಬಟ್ಟೆ ಸಪ್ಪಳ ಮಾಡುವುದು ಮೇಲೆತ್ತಿದಾಗಲೇ ಎಂದು ನಾನು ದೃಢವಾಗಿ ನಂಬಿದ್ದೆ. ನನಗಿಂತ ಹಿರಿಯನಾದ ಅಣ್ಣ ನನ್ನ ಪಕ್ಕದಲ್ಲಿ ಕೂತು, "ಆ ಸಪ್ಪಳ ಈಗಿಂದಲ್ಲೋ ತಮ್ಮಾ. ಹಿಂದಿನ ಏಟಿಂದು. ಹೊಳಿ ದಾಟಿ ಬರೂದ್ರಾಗ ತಡ ಆಗೇದ" ಎಂದಿದ್ದ. ನಾನು ಸ್ವಲ್ಪ ಹೆದರಿದ್ದೆ. ಕಿವಿಗೆ ಕೇಳಿದ್ದೂ ಕಣ್ಣಿಗೆ ಕಂಡದ್ದೂ ಬೇರೆಬೇರೆ ಹೊತ್ತಿನವು ಎಂದು ಆವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಅಣ್ಣ ಹೋದ ದಿನ ನಾನು ಅಳಲಿಲ್ಲ. ಬಂದವರನ್ನು ಕೂರಿಸಿದೆ, ಊರಿಗೆ ಫೋನು ಮಾಡಿದೆ, ಹೂವಿನವನ ಜೊತೆ ಮರಾಠಿಯಲ್ಲಿ ಮಾತಾಡಿದೆ. ಕಾರ್ಯಗಳೆಲ್ಲ ಮುಗಿದು, ಅಂಗಡಿಯ ಬಾಗಿಲು ತೆಗೆದು, ಎಷ್ಟೋ ದಿನವಾದ ಮೇಲೆ, ಹೊಸ ಮಾಲಿನ ಒಂದು ಕಾಯಿಯನ್ನು ಮುರಿದು ಮೂಸುತ್ತ, ಇದರ ಬಣ್ಣ ಹೇಗಿದೆ ನೋಡು ಎಂದು ಬಲಕ್ಕೆ ತಿರುಗಿದೆ. ಅಷ್ಟೇ. ಮಾರುತಿ ಬಂದು, ಖಾರ ಕಣ್ಣಿಗೆ ಹೋಯಿತೇ ಎಂದು ಕೇಳಿದ. ಹೌದೆಂದೆ.

ಆಮೇಲೆ ನನ್ನನ್ನು ಒಂದು ಹಟ ಹಿಡಿಯಿತು. ಹಂಡೆ ಬೆಟ್ಟದ ಮೇಲ್ಭಾಗದಲ್ಲಿ, ಕೊನೆಯ ಕೊರಕಲುಗಳ ಈಚೆ, ನಾವು ಬಿಟ್ಟಲ್ಲೇ ನಿಂತಿತ್ತು. ಒಳಗೆ ನೀರೂ ಸಾಕಷ್ಟಿತ್ತು. ಅಣ್ಣ ಹೆಗಲು ಕೊಟ್ಟು ಅಲ್ಲಿಯವರೆಗೆ ತಂದ ನೀರು. ಅದನ್ನು ಚೆಲ್ಲದೆ ಮೇಲಿನ ಊರಿಗೆ ಮುಟ್ಟಿಸಬೇಕು. ನಗಬೇಡಿ, ದುಃಖದಲ್ಲಿರುವವನಿಗೆ ದೊಡ್ಡ ಕೆಲಸಗಳನ್ನು ಕೊಡಬಾರದು, ಇಂಥದ್ದೊಂದು ಸಣ್ಣ ಕೆಲಸ ಸಿಕ್ಕರೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಆದರೆ ಬಿದಿರಿನ ಇನ್ನೊಂದು ತುದಿಗೆ ಯಾರಾದರೂ ಬೇಕಲ್ಲ. ನಾನು ಬಾಯಿಬಿಟ್ಟು ಕೇಳಲಿಲ್ಲ. ಮಾರ್ಕೆಟ್ಟಿಗೆ ರಜೆಯಿದ್ದ ಒಂದು ದಿನ ನಾನು ಸುಮ್ಮನೆ ಅಂಗಡಿಗೆ ಹೊರಟಾಗ ಸವಿತಾ ಕನ್ಸೋಲನ್ನು ಚೀಲದಲ್ಲಿ ಹಾಕಿಕೊಂಡು ಜೊತೆಗೆ ಬಂದಳು.

ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆವು. ಮೊದಲನೆಯ ಕೊರಕಲಿನಲ್ಲೇ ಹಂಡೆ ವಾಲಿತು. ಎರಡನೆಯದರಲ್ಲಿ ಇನ್ನೂ ಹೆಚ್ಚು. ಆಕೆ ಜಿಗಿದಾಗ ನಾನಿನ್ನೂ ಈಚೆಯೇ ಇರುತ್ತಿದ್ದೆ. ಕೊರಕಲಿನ ಅಂಚು ನನ್ನ ಪರದೆಯ ಮೇಲೆ ಕಾಣುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಹುಡುಗಿಗೆ ಅಭ್ಯಾಸವಿಲ್ಲ, ಅವಸರ ಮಾಡುತ್ತಾಳೆ ಎಂದುಕೊಂಡು ಹಾಗೆಯೇ ಹೇಳಿಯೂ ಬಿಟ್ಟೆ. ಸವಿತಾ ಆಟ ನಿಲ್ಲಿಸಿದಳು. ಹಂಡೆಯಲ್ಲಿ ಅರ್ಧಕ್ಕಿಂತ ಕಡಿಮೆ ನೀರು ಉಳಿದಿತ್ತು.

"ಕಾಕಾ, ನಿಮ್ಮ ಕಡೆ ಭಾಳ ಲ್ಯಾಗ್ ಅದ. ಅಪ್ಪನ ಜೋಡಿ ಹ್ಯಾಂಗ ಆಡತಿದ್ರಿ?" ಎಂದಳು.

ಹೇಗೇನು, ಎಲ್ಲರ ಹಾಗೆ, ಎಂದೆ. ಅಪ್ಪ ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದಳು. ಏನೂ ಇಲ್ಲ. ನಿಮ್ಮಪ್ಪ ಯಾವಾಗ ಏನು ಹೇಳಿದ್ದ? ನಾನು ಚೆನ್ನಾಗಿ ಜಿಗಿದಾಗ ಮೊಣಕಾಲಿನಿಂದ ನನ್ನ ಮೊಣಕಾಲನ್ನು ಒಮ್ಮೆ ಒತ್ತುತ್ತಿದ್ದ, ಶಾಭಾಸ್ ಎನ್ನುವ ಹಾಗೆ, ಅಷ್ಟೇ.

ಇದನ್ನು ನಾನು ಶಾಭಾಸ್ ಎಂದು ತಿಳಿದದ್ದೇಕೆ ಎಂಬುದಕ್ಕೆ ನಮ್ಮ ಪೇಟೆಯ ಹಳೆಯ ಪದ್ಧತಿಯೊಂದನ್ನು ಹೇಳಬೇಕು. ತಂದೆಯ ಕಾಲದಲ್ಲಿ ಮೆಣಸಿನಕಾಯಿಯ ಬೆಲೆಯನ್ನು ಯಾರೂ ಬಾಯಿಂದ ಆಡುತ್ತಿರಲಿಲ್ಲ. ಮಾರುವವನ ಕೈ, ಕೊಳ್ಳುವವನ ಕೈ, ಮೇಲೊಂದು ಟವೆಲು. ಟವೆಲಿನ ಕೆಳಗೆ ಬೆರಳು ಹಿಡಿದರೆ ಒಂದು ಅಂಕಿ, ಗೆಣ್ಣು ಒತ್ತಿದರೆ ಇನ್ನೊಂದು. ಮುಖದ ಮೇಲೆ ಏನೂ ಕಾಣಿಸಬಾರದು. ಬಾಯಿ ಮಳೆಯ ವಿಷಯ ಮಾತಾಡುತ್ತಿರಬೇಕು. ಕೊನೆಗೆ ಅಂಗೈಯ ಮೇಲೆ ಒಂದು ಗಟ್ಟಿ ಒತ್ತು ಬಿದ್ದರೆ ಒಪ್ಪಿತು, ಸವದಾ ಮುಗಿಯಿತು ಎಂದರ್ಥ. ಈಗ ಎಲ್ಲ ತೆರೆದ ಹರಾಜು. ಆ ಪದ್ಧತಿ ಹೋಯಿತು, ಹೋದದ್ದು ಒಳ್ಳೆಯದೂ ಆಯಿತು. ಆದರೆ ಅದರಲ್ಲಿ ಪಳಗಿದ ಕೈಗಳಿಂದ ಅದು ಹೋಗಲಿಲ್ಲ. ಮದುವೆಮನೆಯಲ್ಲಿ ಇನ್ನು ಹೊರಡೋಣ ಎನ್ನಬೇಕಾದರೆ ಅಣ್ಣ ನನ್ನ ಮಣಿಕಟ್ಟು ಒತ್ತುತ್ತಿದ್ದ. ತಂದೆ ತೀರಿಕೊಂಡ ಸುದ್ದಿಯನ್ನೂ ಅವನು ನನಗೆ ಹೇಳಿರಲಿಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನನ್ನ ಅಂಗೈಯನ್ನು ಒತ್ತಿದ್ದ, ನಾನು ತಿಳಿದುಕೊಂಡಿದ್ದೆ. ಮುಖ್ಯವಾದದ್ದನ್ನು ಬಾಯಿಂದ ಆಡಬಾರದು, ಒತ್ತಿನ ಅರ್ಥವನ್ನು ಕೇಳಿ ಖಚಿತ ಮಾಡಿಕೊಳ್ಳಬಾರದು. ಇದು ನಮ್ಮ ಶಿಕ್ಷಣ. ಮೊಣಕಾಲಿನ ಒತ್ತು ಬಿದ್ದಾಗ ನಾನು ಪೇಟೆಯ ಲೆಕ್ಕದಲ್ಲೇ ಅರ್ಥಮಾಡಿಕೊಂಡೆ: ಕೆಲಸ ಮುಗಿಯಿತು, ಒಪ್ಪಿತು. ಯಾವತ್ತೂ ಕೇಳಲಿಲ್ಲ.

ಸವಿತಾ ನನ್ನ ಕಡೆ ತಿರುಗಿ ಕೂತಳು. "ಅಪ್ಪ ಯಾವಾಗ ಒತ್ತತಿದ್ರು ಕಾಕಾ? ನೀವು ಜಿಗದ ಮ್ಯಾಲೋ, ಜಿಗಿಯೂಕಿಂತ ಮೊದಲೋ?"

ಮೇಲೆ ಎಂದೆ. ಮೇಲೆಯೇ. ಶಾಭಾಸ್ ಎನ್ನುವುದು ಕೆಲಸವಾದ ಮೇಲಲ್ಲವೇ?

ಆಕೆ ವಾದ ಮಾಡಲಿಲ್ಲ. ಕನ್ಸೋಲ್ ಎತ್ತಿಕೊಂಡು, ತನ್ನ ಮೊಣಕಾಲನ್ನು ನನ್ನದಕ್ಕೆ ತಾಗುವಂತೆ ಸರಿದು ಕೂತು, ನಡೆಯಿರಿ ಎಂದಳು. ಬೊಂಬೆಗಳು ನಡೆದವು. ನನ್ನ ಪರದೆಯ ಮೇಲೆ ಇನ್ನೂ ಬರೀ ಹಾದಿಯಿತ್ತು, ಹುಲ್ಲಿತ್ತು, ಕೊರಕಲಿನ ಸುಳಿವೇ ಇರಲಿಲ್ಲ. ಅಷ್ಟರಲ್ಲಿ ಆಕೆಯ ಮೊಣಕಾಲು ನನ್ನದನ್ನು ಒತ್ತಿತು. ನನ್ನ ಹೆಬ್ಬೆರಳು ಗಾಜನ್ನು ಮುಟ್ಟಿತು.

ನಾನು ಮುಟ್ಟಿಸಲಿಲ್ಲ. ಅದನ್ನು ನೀವು ನಂಬಬೇಕು. ನನಗೆ ಯೋಚನೆ ಬರುವ ಮೊದಲು, ಕಣ್ಣಿಗೆ ಅಂಚು ಕಾಣುವ ಮೊದಲು, ಬೆರಳು ತಾನಾಗಿಯೇ ಹೋಗಿ ಕೂತಿತು. ಆಮೇಲೆ ಅಂಚು ಕಂಡಿತು, ನನ್ನ ಬೊಂಬೆ ಜಿಗಿಯುವುದು ಕಂಡಿತು, ಹಂಡೆ ತೂಗಿತು. ಆಕೆಯ ಲೆಕ್ಕ ಸ್ವಲ್ಪ ತಪ್ಪಿದ್ದರಿಂದ ಒಂದಿಷ್ಟು ನೀರು ತುಳುಕಿತು, ಆದರೆ ವಾಲಲಿಲ್ಲ. ನನ್ನ ಬೆರಳಿಗೆ ಇಷ್ಟು ದಿನ ಗೊತ್ತಿದ್ದದ್ದು ನನಗೆ ಆಗ ಗೊತ್ತಾಯಿತು. ಒತ್ತು ಬರುತ್ತಿದ್ದದ್ದು ಮೊದಲು. ಜಿಗಿತ ಆಮೇಲೆ. ತುಂಗಭದ್ರೆಯ ದಂಡೆಯ ಆ ಹುಡುಗ ಇಷ್ಟು ವಯಸ್ಸಾದರೂ ಏಟನ್ನೂ ಸಪ್ಪಳವನ್ನೂ ಅದಲುಬದಲು ಮಾಡಿಕೊಂಡೇ ಕೂತಿದ್ದ.

ಅಣ್ಣನ ಯಂತ್ರದಲ್ಲಿ ಆಟ ಅವನ ಕೈಯೊಳಗೇ ನಡೆಯುತ್ತಿದ್ದುದರಿಂದ ಅಂಚು ಅವನಿಗೆ ಆಗಿಂದಾಗ ಕಾಣುತ್ತಿತ್ತು. ನನಗೆ ಅದು ತಡವಾಗಿ ಬರುತ್ತದೆ, ನನ್ನ ಬೆರಳಿನ ಸ್ಪರ್ಶ ಹೋಗುವುದೂ ತಡ ಎಂಬುದನ್ನು ಅವನು ಯಾವಾಗಲೋ ಕಂಡುಕೊಂಡಿದ್ದ. ಕತ್ತು ಓರೆಮಾಡಿ ನನ್ನ ಪರದೆ ನೋಡುತ್ತಿದ್ದದ್ದು ದೊಡ್ಡ ಚಿತ್ರದ ಆಸೆಗಲ್ಲ, ನಾನು ಎಷ್ಟು ಹಿಂದಿದ್ದೇನೆ ಎಂದು ಅಳೆಯಲು. ತಡವಾಗುತ್ತದೆ ಎಂದು ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ಒಪ್ಪಿದ್ದರೂ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದೆ. ಅವನು ಹೇಳಲಿಲ್ಲ, ನನ್ನ ತಡವನ್ನು ತಾನು ಹೊತ್ತುಕೊಂಡ.

ಸವಿತಾ ಕನ್ಸೋಲನ್ನು ನನ್ನ ಕೈಗಿಟ್ಟು ಟ್ಯಾಬ್ಲೆಟ್ಟನ್ನು ತಾನು ತೆಗೆದುಕೊಂಡಳು. "ಈಗ ನೀವು ಮುಂದಿನವರು. ಒತ್ರಿ ನೋಡೂಣು" ಎಂದಳು.

ಜೀವನದಲ್ಲಿ ಮೊದಲ ಸಲ ನಾನು ಆ ಗುಂಡಿಗಳನ್ನು ಒತ್ತಿದೆ. ತಳವಿತ್ತು. ಒತ್ತಿದ್ದೇ ತಡ ಬೊಂಬೆ ಜಿಗಿಯಿತು, ನನ್ನ ಬೆರಳೇ ಅದರ ಮೊಣಕಾಲು ಎಂಬಂತೆ. ಎಲ್ಲವೂ ಈಗಲೇ, ಇಲ್ಲಿಯೇ. ಇಂಥ ಯಂತ್ರವನ್ನು ಕೈಯಲ್ಲಿ ಹಿಡಿದವನಿಗೆ ಇನ್ನೊಬ್ಬನಿಗಾಗಿ ಕಾಯುವುದು ಎಷ್ಟು ಕಷ್ಟವೆಂದು ಹಿಡಿದಾಗಲೇ ತಿಳಿಯುತ್ತದೆ. ಅಂಚು ಕಾಣುವ ಮೊದಲೇ ಅದು ಬರುವುದನ್ನು ಊಹಿಸಿ ಪಕ್ಕದವರಿಗೆ ಸೂಚನೆ ಕೊಡಬೇಕು. ಕೊಟ್ಟ ಮೇಲೆ, ಜಿಗಿಯಲು ತುದಿಗಾಲಲ್ಲಿ ನಿಂತ ತನ್ನ ಬೆರಳನ್ನು ತಡೆದು ಹಿಡಿಯಬೇಕು. ಸೂಚನೆ ಅವರ ಬೆರಳಿಗೆ ಮುಟ್ಟಿ, ಅದು ಘಟ್ಟ ಇಳಿದು ಹೋಗುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಒತ್ತಬೇಕು. ನಾನು ಮೊದಲು ತೀರ ಬೇಗ ಒತ್ತಿದೆ. ಆಮೇಲೆ ತೀರ ತಡ. ಎಲ್ಲೋ ಒಮ್ಮೆ ಸರಿಯಾಯಿತು ಎನ್ನುವಷ್ಟರಲ್ಲಿ ನೆಟ್‌ವರ್ಕಿನ ಗತಿಯೇ ಬದಲಾಗಿ ಹಿಂದಿನ ಅಳತೆ ಸುಳ್ಳಾಯಿತು. ಸಂಜೆ ಇಡೀ ಮಾರ್ಕೆಟ್ ಫೋನು ಹಿಡಿದಾಗ ನನ್ನ ತಡ ಹೆಚ್ಚುತ್ತಿದ್ದಿರಬೇಕು, ಮಳೆ ಬಂದಾಗ ಇನ್ನೂ ಹೆಚ್ಚು. ಅಣ್ಣ ಅದಕ್ಕೆಲ್ಲ ಹೊಂದಿಸಿಕೊಂಡಿದ್ದ. ಘಟ್ಟ ಹತ್ತಿ ಬರುವ ಚಿತ್ರಗಳ ಬಗ್ಗೆ ಬೆರಗಾಗಿದ್ದ ನಾನು, ನನ್ನ ಪಕ್ಕದಲ್ಲೇ, ಮೊಣಕಾಲಿನಷ್ಟು ಹತ್ತಿರ, ದಿನವೂ ನಡೆಯುತ್ತಿದ್ದ ಈ ಕೆಲಸವನ್ನು ನೋಡದೇ ಹೋಗಿದ್ದೆ.

ಕೊನೆಯ ಕೊರಕಲು ಎಲ್ಲಕ್ಕಿಂತ ಅಗಲ. ಹಂಡೆಯ ತಳದಲ್ಲಿ ನೀರು ಕೇವಲ ಮಿಣುಗುತ್ತಿತ್ತು; ಇದರಲ್ಲಿ ವಾಲಿದರೆ ಅಣ್ಣ ತಂದದ್ದೆಲ್ಲ ಮುಗಿಯಿತು. ನಾನು ನನ್ನ ಪರದೆ ನೋಡುವುದನ್ನು ಬಿಟ್ಟೆ. ಕತ್ತು ಓರೆಮಾಡಿ ಸವಿತಾಳ ಟ್ಯಾಬ್ಲೆಟ್ಟನ್ನು ನೋಡಿದೆ. ಅಲ್ಲಿ ಬೊಂಬೆಗಳು ಎಷ್ಟು ಹಿಂದಿದ್ದವು! ನನ್ನ ಪರದೆಯಲ್ಲಿ ದಾಟಿಹೋದ ಒಂದು ಕಲ್ಲನ್ನು ಅವು ಆಗ ತಾನೇ ದಾಟುತ್ತಿದ್ದವು. ಇಷ್ಟು ಹಿಂದೆ ನಾನು ದಿನವೂ ನಡೆಯುತ್ತಿದ್ದೆ, ಸರಿಸಮ ನಡೆಯುತ್ತಿದ್ದೇನೆ ಎಂದುಕೊಂಡು. ಆಕೆಯ ಮೊಣಕಾಲನ್ನು ಒತ್ತಿದೆ. ಕಾದೆ. ಕಾಯುವುದು ಮುಗಿಯಿತೆಂದು ಯಾವುದು ಹೇಳಿತೋ ನನಗೆ ಗೊತ್ತಿಲ್ಲ, ಗುಂಡಿ ಒತ್ತಿದೆ.

ಎರಡೂ ಬೊಂಬೆಗಳು ಒಟ್ಟಿಗೆ ನೆಲ ಬಿಟ್ಟವು, ಒಟ್ಟಿಗೆ ಇಳಿದವು. ಬೆಟ್ಟದ ತುದಿಯಲ್ಲಿ ಬಾಗಿಲುಗಳು ತೆರೆದು ಸಣ್ಣಸಣ್ಣ ಬೊಂಬೆಗಳು ಚೊಂಬು ಹಿಡಿದು ಓಡಿಬಂದವು. ನೀರು ಎಲ್ಲರಿಗೂ ಒಂದೊಂದು ಗುಟುಕು ಆಗುವಷ್ಟೇ ಇತ್ತು. ನಮ್ಮ ಇಬ್ಬರು ಬೊಂಬೆ ಮನುಷ್ಯರು ಬಿದಿರನ್ನು ಕೆಳಗಿಟ್ಟು ಕೂತರು. "ಮುಟ್ಟಿತು ಕಾಕಾ" ಎಂದು ಸವಿತಾ ಮೆಲ್ಲಗೆ ಹೇಳಿ, ಅಪ್ಪನಿಗಾಗಿ ಮೊದಲ ಬಾರಿಗೆ ನನ್ನೆದುರು ಅತ್ತಳು. ನಾನು ಆಕೆಯ ಅಂಗೈ ಒತ್ತಿದೆ. ಆಮೇಲೆ, ಇದು ನಮ್ಮ ಮನೆಯಲ್ಲಿ ಇಲ್ಲದ ರೂಢಿಯಾದರೂ, ಒತ್ತಿನ ಅರ್ಥವನ್ನು ಬಾಯಿಂದಲೂ ಹೇಳಿದೆ: ನಾನಿದ್ದೇನೆ.

ಈಗ ರಜೆಯ ದಿನಗಳಲ್ಲಿ ನಾವಿಬ್ಬರೂ ಇನ್ನೊಂದು ಬೆಟ್ಟ ಹತ್ತುತ್ತಿದ್ದೇವೆ. ಟ್ಯಾಬ್ಲೆಟ್ ಸವಿತಾಳ ಬಳಿ, ಕನ್ಸೋಲ್ ನನ್ನ ಬಳಿ. ನೀರು ಚೆಲ್ಲುತ್ತದೆ, ಮತ್ತೆ ತುಂಬಿಸಿಕೊಂಡು ಬರುತ್ತೇವೆ. ಯಾವ ಯಂತ್ರ ಶ್ರೇಷ್ಠ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರ ಸಿದ್ಧವಿದೆ: ಅದು ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ. ಇದನ್ನು ಅಣ್ಣನಿಗೆ ಹೇಳಬೇಕಿತ್ತು. ವಾದದಲ್ಲಿ ಸೋತೆ ಎಂದು ಒಪ್ಪಿಕೊಳ್ಳಬೇಕಿತ್ತು. ಅವನ ಒತ್ತಿಗೆ ನಾನು ಒಮ್ಮೆಯೂ ತಿರುಗಿ ಒತ್ತಿರಲಿಲ್ಲ. ಈಗ ಎಲ್ಲ ತಿಳಿದಿದೆ, ಅಣ್ಣ ಇಲ್ಲ.